ಯಾರೂ ನೋಡದ ಸೀರುಡಿಕೆ

ಮದಕರಿಪುರದ ದುರುಗಕ್ಕ ಸೀರೆ ಕೊಡುವವಳು. ಹಾಗೆಂದರೆ ಬಟ್ಟೆ ವ್ಯಾಪಾರದವಳೇನೋ ಅಂದುಕೊಳ್ಳಬೇಡಿ. ಅವಳ ಮನೆಯವರು ಕುರಿ ಸಾಕುವ ಜನ. ಗಂಡ ಸತ್ತ ಹೆಣ್ಣು ಮತ್ತೊಬ್ಬನ ಮನೆ ಸೇರುವುದಕ್ಕೆ ಅವರಲ್ಲಿ ಸೀರುಡಿಕೆ ಎಂಬ ಪದ್ಧತಿ ಇತ್ತು. ವಾಲಗವಿಲ್ಲ, ಚಪ್ಪರವಿಲ್ಲ, ಧಾರೆಯಿಲ್ಲ. ಹೊತ್ತು ಮುಳುಗುವಾಗ ಹಿತ್ತಲಲ್ಲಿ ಹೆಣ್ಣನ್ನು ಕೂರಿಸಿ, ಹಿಂದೆ ತಾನೂ ಹಾಗೆಯೇ ಮದುವೆಯಾದ ಹೆಂಗಸೊಬ್ಬಳು ಅವಳ ಕೈಗೆ ಹೊಸ ಸೀರೆ ಕೊಡುತ್ತಾಳೆ. ಅದನ್ನು ಉಟ್ಟು ಬಂದವಳಿಗೆ ಗಂಡು ತಾಳಿ ಕಟ್ಟುತ್ತಾನೆ. ಆಗ ಅಲ್ಲಿದ್ದವರೆಲ್ಲ ಗೋಡೆಯ ಕಡೆ ಮುಖ ತಿರುಗಿಸಿಬಿಡಬೇಕು. ನೋಡಿದರೆ ಸತ್ತವನ ದೃಷ್ಟಿ ಹೊಸ ಸಂಸಾರಕ್ಕೆ ತಾಗುತ್ತದೆ ಎಂಬ ನಂಬಿಕೆ.

ದುರುಗಕ್ಕನೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬೋರಪ್ಪ ಅವಳನ್ನು ಹೀಗೆಯೇ ಮನೆ ತುಂಬಿಸಿಕೊಂಡಿದ್ದ. ದಿನಕ್ಕೊಂದು ಜಗಳ ಆಡಿಕೊಂಡೇ ಅವರ ಬಾಳು ಚೆನ್ನಾಗಿ ನಡೆದಿತ್ತು. ಅವಳ ಕೈಗುಣ ಒಳ್ಳೆಯದೆಂದು ಸುತ್ತಲ ಊರಿನವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಕೊಂಚ ಜಂಬವಿತ್ತು, ಇರಬಾರದೇನು?

ನಿಂಗಕ್ಕನಿಗೂ ಸೀರೆ ಕೊಟ್ಟವಳು ಅವಳೇ. ನಿಂಗಕ್ಕ ಹೊರಕೆರೆದೇವಪುರದ ಚಿಕ್ಕತಿಮ್ಮಪ್ಪನ ಸೊಸೆ. ಗಂಡ ಹಾವು ಕಚ್ಚಿ ಸತ್ತಿದ್ದ. ಕೈಯಲ್ಲಿ ಎಳೆಯ ಮಗಳು ಮಲ್ಲಕ್ಕ. ಹೊಳಲ್ಕೆರೆ ಕಡೆಯ ಹಾಲಸ್ವಾಮಿ ಎಂಬಾತ ಕೇಳಿಕೊಂಡು ಬಂದ. ಮೊದಲ ಹೆಂಡತಿ ಜಗಳವಾಡಿ ತವರು ಸೇರಿದ್ದಾಳೆ, ಹಿರಿಯರು ಕೂತು ಬಿಡಿಸಿದ್ದಾರೆ ಅಂದ. ಎಲ್ಲರೂ ನಂಬಿದರು. ಸೀರುಡಿಕೆಯಾದವಳು ಹಳೆಯ ಗಂಡನ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಮಕ್ಕಳು ಆ ಮನೆಗೇ ಸೇರಬೇಕು. ಹೀಗಾಗಿ ನಿಂಗಕ್ಕ ಮಗಳನ್ನು ಅಜ್ಜನ ಮಡಿಲಿಗೆ ಹಾಕಿ, ಹಿಂತಿರುಗಿ ನೋಡದೆ ಬಂದಿದ್ದಳು. ಆ ಸಂಜೆ ಸೀರೆ ಕೊಡುವಾಗ ಅವಳ ಕೈ ತಣ್ಣಗಿದ್ದದ್ದು ದುರುಗಕ್ಕನಿಗೆ ಬಹಳ ದಿನ ನೆನಪಿತ್ತು.

ಹಿರಿಯರೂ ಇಲ್ಲ, ಬಿಡುಗಡೆಯೂ ಇಲ್ಲ, ಎಲ್ಲಾ ಹಾಲಸ್ವಾಮಿ ಕಟ್ಟಿದ ಕಥೆ. ಮೊದಲ ಹೆಂಡತಿ ಏಕನಾಥಮ್ಮ ಸುಮ್ಮನಿರುವ ಹೆಣ್ಣಲ್ಲ. ನಾನು ಬದುಕಿರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದು ಹೊಳಲ್ಕೆರೆ ಕೋರ್ಟಿನಲ್ಲಿ ಕೇಸು ಹಾಕಿದಳು. ಸಾಕ್ಷಿಗೆ ದುರುಗಕ್ಕನೇ ಬೇಕಾಯಿತು.

"ಅಕ್ಕಾ, ತಾಳಿ ಕಟ್ಟಿದ್ದು ಕಣ್ಣಾರೆ ನೋಡ್ದೆ ಅಂತ ಒಂದು ಮಾತು ಹೇಳ್ರಿ, ಸಾಕು" ಎಂದು ಏಕನಾಥಮ್ಮ ಮದಕರಿಪುರಕ್ಕೇ ಬಂದು ಕಾಲು ಹಿಡಿದಳು.

"ಇದ್ದಿದ್ದು ಇದ್ದಂಗೆ ಹೇಳ್ತೀನಿ ಕಣಮ್ಮ. ಅದಕ್ಕಿಂತ ಜಾಸ್ತಿ ನನ್ ಬಾಯಾಗೆ ಬರಾಕಿಲ್ಲ" ಅಂದಳು ದುರುಗಕ್ಕ.

ಹಾಗೆಯೇ ಮಾಡಿದಳು. ಕಟಕಟೆಯಲ್ಲಿ ನಿಂತಾಗ ಹಾಲಸ್ವಾಮಿಯ ವಕೀಲರು ಕೇಳಿದ್ದು ಒಂದೇ ಮಾತು. "ತಾಳಿ ಕಟ್ಟಿದ್ದನ್ನು ನೀವು ನೋಡಿದ್ರಾ?"

"ಅಯ್ಯ, ಅದನ್ನ ಯಾರಾನ ನೋಡ್ತಾರೇನ್ರಿ? ಗೋಡೆ ಕಡೆ ಮಕ ಮಾಡಿದ್ದೆ."

"ಅಂದರೆ ನೋಡಲಿಲ್ಲ."

"ಇಲ್ಲ."

ಹಾಲಸ್ವಾಮಿಯಂತೂ ನಾಚಿಕೆ ಬಿಟ್ಟು, ಆ ಹೆಂಗಸು ನಮ್ಮ ಮನೆಯಲ್ಲಿ ಕೂಲಿಗೆ ಇದ್ದಾಳೆ, ಅಷ್ಟೇ ಅಂದುಬಿಟ್ಟ. ನಿಂಗಕ್ಕ ಹೊರಗೆ ಜಗಲಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡಳು. ಹೊಳಲ್ಕೆರೆಯ ನ್ಯಾಯಾಧೀಶರು ಅವನ ಮಾತು ನಂಬಲಿಲ್ಲ. ಊರಿಗೆ ಊರೇ ಗಂಡ ಹೆಂಡತಿ ಅನ್ನುತ್ತಿದೆಯಲ್ಲ ಎಂದು ಶಿಕ್ಷೆ ಕೊಟ್ಟರು. ಚಿತ್ರದುರ್ಗದ ಕೋರ್ಟಿನಲ್ಲೂ ಅದೇ ನಿಂತಿತು. ಅವನು ಬಿಡಲಿಲ್ಲ, ಜಾಮೀನು ಪಡೆದು ಬೆಂಗಳೂರಿನ ಹೈಕೋರ್ಟಿಗೆ ಹೋದ.

ಮೈಸೂರು ರಾಜ್ಯ ಕರ್ನಾಟಕವಾದ ಮರುವರ್ಷ ಅಲ್ಲಿಂದ ತೀರ್ಪು ಬಂತು. ಏಕನಾಥಮ್ಮನ ಜೊತೆ ದುರುಗಕ್ಕನೂ ಚಿತ್ರದುರ್ಗಕ್ಕೆ ಹೋಗಿ ಅವಳ ಕಡೆಯ ವಕೀಲರನ್ನು ಕಂಡಳು. ಅವರು ಕನ್ನಡಕ ಏರಿಸಿ ಬಿಡಿಸಿ ಹೇಳಿದರು. ಎರಡನೆಯ ಮದುವೆ ನಡೆದದ್ದನ್ನು ಕಂಡವರು ಒಬ್ಬರೂ ಇಲ್ಲ. ಸೀರೆ ಕೊಟ್ಟ ಸಾಕ್ಷಿಯೇ ನೋಡಿಲ್ಲ ಅಂದಿದ್ದಾಳೆ. ಒಟ್ಟಿಗೆ ಬಾಳಿದರು ಅನ್ನುವುದರ ಮೇಲೆ ಒಬ್ಬನನ್ನು ಜೈಲಿಗೆ ಕಳಿಸಲಾಗದು. ಮದುವೆ ರುಜುವಾತಾಗಿಲ್ಲ, ಹಾಲಸ್ವಾಮಿ ಬಿಡುಗಡೆ.

"ಹಂಗಾರೆ ನಾನು ನಿಜ ಹೇಳಿದ್ದೇ ತಪ್ಪಾಯ್ತಾ ಸ್ವಾಮಿ?"

"ತಪ್ಪಲ್ಲಮ್ಮ. ಕಾನೂನು ಹಾಗಿದೆ" ಅಂದರು ವಕೀಲರು, ಪಾಪ, ಅವರೂ ಏನು ಹೇಳಿಯಾರು.

ಏಕನಾಥಮ್ಮ ಅವಳ ಮುಖ ನೋಡದೆ ಬಸ್ಸು ಹತ್ತಿ ತವರಿಗೆ ಹೋದಳು. ಸ್ವಲ್ಪ ದಿನಕ್ಕೇ ಒಂದು ಬೆಳಿಗ್ಗೆ ನಿಂಗಕ್ಕ ಗಂಟು ಕಂಕುಳಲ್ಲಿ ಇಟ್ಟುಕೊಂಡು ದುರುಗಕ್ಕನ ಬಾಗಿಲಲ್ಲಿ ನಿಂತಿದ್ದಳು.

"ಮನೆಯಿಂದ ಹೊರಗೆ ಹಾಕಿದ ಕಣಕ್ಕ. ಹೈಕೋರ್ಟೇ ಹೇಳೈತೆ, ನೀನು ನನ್ ಹೆಂಡ್ತಿ ಅಲ್ಲ, ಮತ್ತೆ ಕೇಸು ಬಿದ್ರೆ ಜೈಲಿಗೆ ಹೋಗೋರು ಯಾರು ಅಂದ." ಅವಳು ಅಳಲಿಲ್ಲ. "ತವರಾಗೆ ಯಾರೂ ಇಲ್ಲ. ಕೂಲಿ ಮಾಡಿ ಬದುಕ್ತೀನಿ ಬಿಡು. ಆದ್ರೆ ಇವನಿಗೋಸ್ಕರ ಮಗಳನ್ನ ಬಿಟ್ಟು ಬಂದ್ನಲ್ಲ ಅಕ್ಕ."

ದುರುಗಕ್ಕ ಹಾಲಸ್ವಾಮಿಗೂ ಅವನ ವಂಶಕ್ಕೂ ಬಾಯಿ ದಣಿಯುವಷ್ಟು ಬೈದಳು. ಬೈದು ಮುಗಿಸಿ ನೀರು ಕುಡಿಯುವಾಗ ಅವಳಿಗೆ ಒಂದು ಯೋಚನೆ ಬಂತು. "ಅಲ್ಲ ಕಣೇ ನಿಂಗಿ, ಅದು ಮದುವೇನೇ ಅಲ್ಲ ಅಂದ್ರೆ ನೀನು ಇನ್ನೂ ಆ ಸತ್ತೋನ ಹೆಂಡ್ತಿನೇ ಅಲ್ವಾ? ಆ ಮನೆ ನಿಂದೇ. ಮಗಳೂ ನಿನ್ನೋಳೇ. ಏಳು, ಹೋಗಾಣ."

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹೊರಕೆರೆದೇವಪುರ ತಲುಪಿದರು. ಚಿಕ್ಕತಿಮ್ಮಪ್ಪ ಬಾಗಿಲಲ್ಲೇ ಕೂತು ಉಣ್ಣೆ ಬಿಡಿಸುತ್ತಿದ್ದ. ಸೊಸೆಯನ್ನು ಕಂಡವನೇ ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿದ. ದುರುಗಕ್ಕ ಹೈಕೋರ್ಟಿನ ತೀರ್ಪನ್ನೆಲ್ಲ ಒಪ್ಪಿಸಿದಳು. ಅವನು ತಾಳ್ಮೆಯಿಂದ ಕೇಳಿದ.

"ಕೋರ್ಟಿನ ಮಾತು ಕೋರ್ಟಿಗೆ ಇರ್ಲಿ ಕಣಮ್ಮ. ಸೀರೆ ಉಟ್ಟೋಳು ಈ ಹೊಸ್ತಿಲು ತುಳಿಯಂಗಿಲ್ಲ. ಅದು ಮದುವೆ ಅಂತ ನಮ್ ಜನಕ್ಕೆಲ್ಲ ಗೊತ್ತೈತೆ."

ಕೇಳಿ ಸ್ವಾಮಿ, ಕೋರ್ಟಿಗೆ ಅದು ಮದುವೆಯಲ್ಲ, ಕುಲಕ್ಕೆ ಅದು ಮದುವೆ. ನಡುವೆ ಈ ಹೆಣ್ಣು ನಿಲ್ಲುವುದಾದರೂ ಎಲ್ಲಿ?

ಒಳಗಿನಿಂದ ಒಂದು ಹುಡುಗಿ ಬಂದು ಅಜ್ಜನ ಬೆನ್ನ ಹಿಂದೆ ನಿಂತಳು. ಮಲ್ಲಕ್ಕ. ತಾಯಿಯನ್ನು ಗುರುತು ಹಿಡಿಯಲಿಲ್ಲ. "ಯಾರಜ್ಜ ಇವ್ರು?" ಅಂದಳು. ನಿಂಗಕ್ಕ ಅಲ್ಲಿಯೇ ಅಂಗಳದಲ್ಲಿ ಕೂತುಬಿಟ್ಟಳು.

ಮುದುಕ ಕೆಟ್ಟವನೇನಲ್ಲ. ಉಣ್ಣೆ ಪಕ್ಕಕ್ಕಿಟ್ಟು ಹೇಳಿದ: "ದುರುಗವ್ವಾ, ನೀನು ಸುಳ್ಳು ಹೇಳೋಳಲ್ಲ. ಅಷ್ಟು ದೊಡ್ಡ ಕೋರ್ಟಿಗೂ ಹೇಳ್ಲಿಲ್ಲ. ನಿನ್ ಮಾತು ಅಂದ್ರೆ ಕುಲದೋರು ಯಾರೂ ತಗದು ಹಾಕಲ್ಲ. ನಿನ್ ಬಾಯಾಗೆ ಬರ್ಲಿ. ನೀನು ಇವಳಿಗೆ ಮಾಡ್ಸಿದ್ದು ಮದುವೇನೋ, ಅಲ್ವೋ?"

ದುರುಗಕ್ಕನಿಗೆ ತಾನು ಸೀರೆ ಕೊಟ್ಟ ಹೆಣ್ಣುಗಳೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಹಿರಿಯೂರಿನ ಕಡೆಯವಳು, ಹೊಸದುರ್ಗದವಳು, ಅವರ ಮಕ್ಕಳು, ಮೊಮ್ಮಕ್ಕಳು. ಅವಳು ಅಂಗಳದಲ್ಲಿ ಕೂತವಳನ್ನು ನೋಡಿದಳು, ಆಮೇಲೆ ಹುಡುಗಿಯನ್ನು.

"ಅಲ್ಲ" ಅಂದಳು.

"ಹಂಗಾರೆ ನೀನು ಬೋರಪ್ಪನ ಜೊತೆ ಬಾಳಿದ್ದು?"

"ಅದೂ ಅಲ್ಲ."

ಮುದುಕ ಅವಳ ಮುಖವನ್ನೇ ನೋಡುತ್ತ ಕಾಲು ಹಿಂದಕ್ಕೆ ಎಳೆದುಕೊಂಡ. "ಒಳಗೆ ನಡಿ" ಅಂದ ಸೊಸೆಗೆ. ನಿಂಗಕ್ಕ ಮಗಳ ಕೈ ಹಿಡಿದು ಒಳಗೆ ಹೋದಳು.

ಇಂಥ ಮಾತು ಬಸ್ಸಿಗಿಂತ ಬೇಗ ಊರು ಸೇರುತ್ತದೆ. ಬೇರೆಯವರ ಬಾಯಿಂದ ಕೇಳುವುದಕ್ಕೆ ಮುಂಚೆ ತಾನೇ ಹೇಳಿಬಿಡೋಣವೆಂದು ದುರುಗಕ್ಕ ಅಂದು ಸಂಜೆ ಗಂಡನ ಮುಂದೆ ಮುದ್ದೆ ಇಟ್ಟು ನಡೆದದ್ದನ್ನೆಲ್ಲ ಹೇಳಿದಳು. ಬೋರಪ್ಪ ಉಣ್ಣುವುದನ್ನು ನಿಲ್ಲಿಸಿದ.

"ಆ ಮಗೀಗೆ ತಾಯಿ ಬೇಕಾಗಿತ್ತು ಕಣೋ, ಅದಕ್ಕೇ ಅಂದೆ" ಅಂದಳು ದುರುಗಕ್ಕ.

"ಕೋರ್ಟಿನೋರು ಅದು ಮದುವೆ ಅಲ್ಲ ಅಂದಾಗ ನಾನು ನಕ್ಕಿದ್ದೆ. ಅವರು ನಮ್ಮನ್ನ ಏನು ಕಂಡವ್ರೆ ಅಂತ." ಅವನು ತಟ್ಟೆಯಲ್ಲೇ ಕೈ ತೊಳೆದ. "ಆ ಮಗೀಗೆ ತಾಯಿ ಬೇಕು, ಸರಿ. ನಂಗೆ ಹೆಂಡ್ತಿ ಬ್ಯಾಡೇನೇ?"

ಬೋರಪ್ಪ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡು ಕುರಿಹಟ್ಟಿಗೆ ಮಲಗಲು ಹೋದ.