ದಮಯಂತಿ ಟೀಚರ ಗೋಳು

ಮಂಗಲ್ಪಾಡಿ ಪಂಚಾಯತಿನ ಆ ಅಂಗನವಾಡಿಯಲ್ಲಿ ಮಗುವಿನ ತೂಕ ಏರಿದೆಯೋ ಇಳಿದಿದೆಯೋ ಎಂದು ತಿಳಿಯಲು ಮೆಷಿನ್ ನೋಡಬೇಕಾಗಿಲ್ಲ, ದಮಯಂತಿ ಟೀಚರ ಬಾಯಿಗೆ ಕಿವಿಗೊಟ್ಟರೆ ಸಾಕು. "ಇದೆಂತ, ಗಾಳಿ ಬಂದರೆ ಹಾರಿ ಹೋಗುವ ಹಾಗುಂಟು" ಎಂದು ಬೈದರೆ ಮಗು ಗುಂಡುಗುಂಡಾಗಿದೆ ಎಂದೇ ಅರ್ಥ. ತಾಯಿ ಒಳಗೊಳಗೇ ನಕ್ಕು ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ. ಟೀಚರು ಮಾತಿಲ್ಲದೆ ಮಗುವಿನ ತಲೆ ಸವರಿದರೆ ಮಾತ್ರ ತಾಯಿಗೆ ಎದೆ ಧಸಕ್ಕೆನ್ನುತ್ತದೆ. ಅಂಥ ಮಗುವಿಗೆ ಮರುದಿನದಿಂದ ಗಂಜಿ ಒಂದು ಸೌಟು ಹೆಚ್ಚು. ಮನೆಗೆ ಕೊಟ್ಟ ಅಮೃತಂ ಎಂಬ ಪೌಷ್ಟಿಕ ಪುಡಿಯನ್ನು ಮಗುವೇ ತಿನ್ನುತ್ತದೋ, ಶಾಲೆಗೆ ಹೋಗುವ ಅಣ್ಣಂದಿರು ಖಾಲಿ ಮಾಡುತ್ತಾರೋ ಎಂದು ಟೀಚರು ಬಿಸಿಲಲ್ಲಿ ಕೊಡೆ ಹಿಡಿದು ಹೋಗಿ ವಿಚಾರಿಸಿ ಬರುತ್ತಾರೆ.

ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದರೆ ದೃಷ್ಟಿ ತಾಗುತ್ತದೆ. ಇದು ಊರಿಗೆಲ್ಲ ಗೊತ್ತಿರುವ ಸಂಗತಿಯೇ, ಆದರೆ ಟೀಚರಿಗೆ ಆ ಭಯ ಸ್ವಲ್ಪ ಜಾಸ್ತಿ. ಗಂಡ ಹೊನ್ನಯ್ಯ ದುಬಾಯಿ ಸಾಕು ಎಂದು ಬಂದು ಉಪ್ಪಳದಲ್ಲಿ ಪಂಚರ್ ಅಂಗಡಿ ಇಟ್ಟವನು. ಸಂಜೆ ಹೆಂಡತಿಗೆಂದು ಗೋಳಿಬಜೆ ಕಟ್ಟಿಸಿಕೊಂಡು ಬರುವ, ಬಂದಮೇಲೆ ಪಾತ್ರೆಯನ್ನೂ ತೊಳೆಯುವ ಮನುಷ್ಯ. ಅಂಥವನ ಬಗ್ಗೆ ಟೀಚರು ಹೇಳುವುದನ್ನು ಕೇಳಿದರೆ ಈ ಹೆಂಗಸಿನ ಪಾಡು ಶತ್ರುವಿಗೂ ಬೇಡ ಅನ್ನಿಸಬೇಕು. ನಿಜ ಹೇಳುವುದಾದರೆ ಶಿರಿಯ ಹೊಳೆಯಿಂದ ಉಪ್ಪಳದವರೆಗೆ ಹುಡುಕಿದರೂ ಅಷ್ಟು ಸುಖಿ ಇನ್ನೊಬ್ಬರು ಸಿಗಲಿಕ್ಕಿಲ್ಲ.

ಈ ಗೋಳಿಗೆ ಅಂಗನವಾಡಿಯ ಅಡುಗೆಕೋಣೆಯಲ್ಲಿ ಸರಿಸಾಟಿಯೂ ಇತ್ತು. ಹೆಲ್ಪರ್ ಪಂಕಜಾಕ್ಷಿ ಟೀಚರಿಗಿಂತ ಹಿರಿಯಳು, ಶಿರಿಯದವಳು. ಗಂಡ ಬಟ್ಯ ಮೀನಿಗೆ ಹೋಗುವವನು. ಒಬ್ಬಳು ಗಂಡನ ಗೊರಕೆ ಎಂದರೆ ಇನ್ನೊಬ್ಬಳು ಗಂಡನ ಸಿಟ್ಟು ಎನ್ನುವಳು. ಹೀಗೆ ಪೈಪೋಟಿಯ ಮೇಲೆ ಗೋಳು ಹೇಳಿಕೊಳ್ಳುತ್ತ ಇಬ್ಬರೂ ಗಂಜಿ ಬೇಯಿಸುತ್ತಿದ್ದರು. ಹೋದ ಮಳೆಗಾಲದಲ್ಲಿ ಬಟ್ಯ ಎದೆನೋವು ಬಂದು ತೀರಿಕೊಂಡ. ಬೊಜ್ಜದ ಕ್ರಿಯೆ ಮುಗಿದದ್ದೇ ಪಂಕಜಾಕ್ಷಿ ಕೆಲಸಕ್ಕೆ ಬಂದಳು, ಮಕ್ಕಳಿಗೆ ಮೊದಲಿನಂತೆ ಉಣಿಸಿದಳು, ಯಾರ ಮುಂದೆಯೂ ಕಣ್ಣೀರು ಹಾಕಲಿಲ್ಲ. ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಟೀಚರೂ ಹೊಗಳಿದರು.

ಹೀಗಿರುವಾಗ ಗೌತಮಿ ಬಂದಳು. ಒಳನಾಡಿನ ಕನ್ನಡ ಮನೆಯ ಹುಡುಗಿ, ಸಮುದಾಯದ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವಳು. ಮಕ್ಕಳಿಗೆ ಉಣಿಸುವವರ ಮನಸ್ಸು ಹೇಗಿದೆ, ಅದಕ್ಕೂ ಮಕ್ಕಳ ತೂಕಕ್ಕೂ ಸಂಬಂಧ ಉಂಟೇ ಎಂದು ತಿಳಿಯುವುದು ಅವಳ ಕೆಲಸ. ಟೀಚರನ್ನೂ ಹೆಲ್ಪರನ್ನೂ ಬೇರೆಬೇರೆ ಕೂರಿಸಿ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕು ಅನ್ನಿಸುತ್ತದೆಯೇ ಎಂದೆಲ್ಲ ಕೇಳಿದಳು. ಅವಳ ಮನೆಯಲ್ಲೂ ದೃಷ್ಟಿ ತೆಗೆಯುವುದು ಇದ್ದದ್ದೇ. ಆದರೆ ಮಕ್ಕಳಿಗೆ, ದನಕ್ಕೆ ತಾಗುವ ದೃಷ್ಟಿ ಸಂಶೋಧನೆಗೂ ತಾಗೀತು ಎಂದು ಪಾಪ, ಅವಳಿಗೆ ಹೊಳೆಯಲಿಲ್ಲ.

ಟೀಚರಿಗೆ ಹಬ್ಬವಾಯಿತು. ನಿದ್ದೆ ಎಂಬುದು ಹತ್ತಿರ ಸುಳಿಯುವುದಿಲ್ಲ ಎಂದರು. ಊಟ ಸೇರುವುದೇ ಇಲ್ಲ ಎಂದರು. ಹೇಳುವಾಗ ಎದುರಿಗೆ ಎರಡನೆಯ ಸಲ ಬಡಿಸಿಕೊಂಡ ಉಪ್ಪಿಟ್ಟಿತ್ತು. ಬದುಕು ಸಾಕಾಗಿ ಯಾವ ಕಾಲವಾಯಿತೋ ಎಂದು ನಿಟ್ಟುಸಿರು ಬಿಟ್ಟರು.

ಮುಂದಿನ ವಾರ ಗೌತಮಿ ಸಪ್ಪೆ ಮುಖ ಮಾಡಿಕೊಂಡು ಬಂದಳು. ಟೀಚರ ಕೈ ಹಿಡಿದು, ಮನಸ್ಸಿಗೆ ಇಷ್ಟು ಭಾರವಾದವರು ಒಬ್ಬರೇ ಹೊತ್ತುಕೊಂಡು ಇರಬಾರದು, ವಿದ್ಯಾನಗರದಲ್ಲಿ ಕೌನ್ಸೆಲರ್ ಇದ್ದಾರೆ, ಟೀಚರು ಒಪ್ಪಿದರೆ ಒಂದು ತಿಂಗಳು ರಜೆ ಹಾಕಬಹುದು, ಅಲ್ಲಿಯವರೆಗೆ ಬೇರೆ ಟೀಚರು ಬಂದಾರು ಎಂದು ಮೆಲ್ಲಗೆ ಹೇಳಿದಳು. ದಮಯಂತಿ ಟೀಚರಿಗೆ ನಿಂತ ನೆಲ ಕುಸಿದಂತಾಯಿತು. ಯಾರೋ ಬಂದು ತನ್ನ ಅಂಗನವಾಡಿಯ ಮಕ್ಕಳನ್ನು 'ಅಬ್ಬ, ಎಷ್ಟು ಚಂದ ಬೆಳೆದಿದ್ದಾರೆ' ಎಂದು ಬಾಯ್ತುಂಬ ಹೊಗಳಿಬಿಟ್ಟರೆ ಗತಿಯೆಂತ? ಗೌತಮಿಯನ್ನು ಬಾಗಿಲ ಮೂಲೆಗೆ ಎಳೆದುಕೊಂಡು ಹೋಗಿ, ಎಡಕ್ಕೆ ಥೂ ಥೂ ಎಂದು ಉಗಿದು, ನಿದ್ದೆಯ, ಹೊನ್ನಯ್ಯನ, ಗೋಳಿಬಜೆಯ ಸತ್ಯವನ್ನೆಲ್ಲ ಅವಳ ಕಿವಿಯಲ್ಲಿ ಉಸುರಿದರು. ಗೌತಮಿ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಪ್ರಶ್ನೆಗಳನ್ನೆಲ್ಲ ಮೊದಲಿನಿಂದ, ಪಿಸುದನಿಯಲ್ಲೇ ಕೇಳಿದಳು.

ಗಂಡಾಂತರ ಕಳೆದ ಖುಷಿಯಲ್ಲಿ ಟೀಚರು ಅಡುಗೆಕೋಣೆಗೆ ಬಂದು ನಡೆದದ್ದನ್ನೆಲ್ಲ ಬಣ್ಣಿಸಿದರು. ಪಂಕಜಕ್ಕ ಏನು ಗೋಳು ಹೇಳಿದ್ದಾಳೋ, ಅವಳನ್ನೂ ಪುನಃ ಕೇಳಬೇಕಾದೀತು ಎಂದು ಕೀಟಲೆ ಮಾಡಿದರು.

ಪಂಕಜಾಕ್ಷಿ ಗಂಜಿಯ ಪಾತ್ರೆ ಉಜ್ಜುತ್ತಿದ್ದಳು. "ನಾನು ಗೋಳು ಹೇಳಲಿಲ್ಲ ಟೀಚರೇ. ಎಲ್ಲದಕ್ಕೂ ಸುಖ ಅಂತ ಹೇಳಿದೆ."

"ಅಯ್ಯೋ, ಬಾಯಿಬಿಟ್ಟು ಹಾಗೆ ಹೇಳುವುದಾ? ದೃಷ್ಟಿ ತಾಗಿದರೆ?"

"ಇನ್ನು ತಾಗಲಿಕ್ಕೆ ಎಂತ ಉಂಟು?"

ಅವಳು ತಲೆ ಎತ್ತದೆ, ಕುಕ್ಕರಿನ ಮುಚ್ಚಳ ಎಲ್ಲಿ ಎಂದು ಕೇಳುವ ದನಿಯಲ್ಲೇ ಅದನ್ನು ಹೇಳಿದ್ದಳು. ಟೀಚರ ನಗೆ ಬಾಯಲ್ಲೇ ಉಳಿಯಿತು. ಬಟ್ಯ ಸತ್ತಮೇಲೆ ಪಂಕಜಕ್ಕನ ಬಾಯಿಂದ ಒಂದು ದೂರೂ ಬಂದಿಲ್ಲವೆಂಬುದು ಆಗ ನೆನಪಾಯಿತು. ಅವಳ ರವಿಕೆಯ ತೋಳು ಜೋಲುವುದೂ ಆಗಲೇ ಕಣ್ಣಿಗೆ ಬಿತ್ತು. ದೀಪದ ಬುಡ ಕತ್ತಲೆ ಎಂಬುದು ಸುಳ್ಳಲ್ಲ. ಊರಿನ ಮಕ್ಕಳನ್ನೆಲ್ಲ ತೂಗುವವರು ಪಕ್ಕದಲ್ಲೇ ನಿಂತವಳನ್ನು ನೋಡಿರಲಿಲ್ಲ, ಟೀಚರಿಗೆ ನಾಚಿಕೆಯಾಯಿತು. ಕೈ ಹಿಡಿದು ಎಬ್ಬಿಸಿ, ಬಸುರಿಯರನ್ನು ತೂಗುವ ಮೆಷಿನಿನ ಮೇಲೆ ಅವಳನ್ನು ನಿಲ್ಲಿಸಿದರು. ಬಗ್ಗಿ ನೋಡಿದರು. ಬೈಯಲಿಲ್ಲ. ಮೆಲ್ಲಗೆ ಅವಳ ತಲೆ ಸವರಿದರು.

ಟೀಚರು ಮಾತಿಲ್ಲದೆ ತಲೆ ಸವರಿದರೆ ಎಂತ ಅರ್ಥ ಎಂದು ಪಂಕಜಾಕ್ಷಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಳೆಗಾಲದಿಂದ ತಡೆದಿಟ್ಟದ್ದೆಲ್ಲ ಆಗ ಹೊರಗೆ ಬಂತು. ಮಕ್ಕಳು ಗಾಬರಿಯಾಗಿ ಬಾಗಿಲಲ್ಲಿ ಬಂದು ನಿಂತವು.

ಮರುದಿನದಿಂದ ಪಂಕಜಾಕ್ಷಿಯ ಬಟ್ಟಲಿಗೂ ಗಂಜಿ ಒಂದು ಸೌಟು ಹೆಚ್ಚು ಬಿತ್ತು, ಮುಗಿಯುವವರೆಗೆ ಟೀಚರು ಎದುರಿಗೇ ಕೂತರು. ಅವಳನ್ನು ಒಪ್ಪಿಸಿ, ನಿಜ ಸಂಗತಿಯನ್ನು ಗೌತಮಿಗೆ ತಿಳಿಸಿದರು. ವಿದ್ಯಾನಗರದ ಕೌನ್ಸೆಲರ ಹತ್ತಿರ ಹೋಗುವಾಗ ಬಸ್ಸಿನಲ್ಲಿ ಜೊತೆಗೆ ಕೂತು, ದಾರಿಯುದ್ದಕ್ಕೂ ಹೊನ್ನಯ್ಯನನ್ನು ಬೈದರು. ಪಂಕಜಾಕ್ಷಿ ಹೂಂ ಎನ್ನುತ್ತಿದ್ದಳು, ಅಷ್ಟೇ. ಹಾಗೆಯೇ ತಿಂಗಳುಗಳು ಕಳೆದವು, ಬಿಸಿಲು ಏರಿತು.

ಒಂದು ಬೆಳಿಗ್ಗೆ ಟೀಚರು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾಗ ಒಳಗಿನಿಂದ ಗೊಣಗಾಟ ಕೇಳಿತು. ಈ ಗಂಟುನೋವು ಹೊತ್ತುಕೊಂಡು ಎಷ್ಟೂಂತ ಗಂಜಿ ಬೇಯಿಸುವುದು, ಮಂಗಳೂರಿನಲ್ಲಿರುವ ಮಗಳು ಊಟ ಆಯಿತಾ ಅಂತ ಹೊತ್ತುಹೊತ್ತಿಗೆ ಫೋನು ಮಾಡಿ ತಲೆ ತಿನ್ನುತ್ತಾಳೆ, ನನ್ನ ಹಣೆಬರಹ ಯಾರಿಗೂ ಬೇಡ.

ಟೀಚರ ಕಣ್ಣು ತುಂಬಿತು. ಓಡಿಹೋಗಿ ಅಪ್ಪಿಕೊಂಡು, ನೀವು ಸರಿಯಾದಿರಿ ಪಂಕಜಕ್ಕ ಎಂದು ಕೂಗಿ ಹೇಳಬೇಕೆನ್ನಿಸಿತು. ನಾಲಗೆ ಕಚ್ಚಿಕೊಂಡರು. ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಕೋಣೆಯ ಬಾಗಿಲಲ್ಲಿ ಹೋಗಿ ನಿಂತರು.

"ನಿಮ್ಮದೆಂತ ಮಹಾ?" ಎಂದರು. "ನನ್ನ ಗೋಳು ಕೇಳಿ."