ಲಾರಿಯ ಟರ್ಬೊ, ದೊಡ್ಡಪ್ಪನ ವಿಮಾನ

ದೊಡ್ಡಮ್ಮ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸಿದ್ದಕ್ಕೆ ದೊಡ್ಡಪ್ಪ ಬದುಕಿದರು ಅನ್ನುವುದು ಚಾಮರಾಜಪೇಟೆಯ ನಮ್ಮ ಬೀದಿ ಕೊಟ್ಟ ತೀರ್ಪು. ಹಾಲಿನ ಬೂತಿನಲ್ಲಿ, ತರಕಾರಿ ಗಾಡಿಯ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ ಇದೇ ಕಥೆ. ನನಗೆ ಗಣಪತಿಯ ಮೇಲೆ ತಕರಾರಿಲ್ಲ. ಕಥೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದರ ಮೇಲೆ ತಕರಾರು. ವಿಮಾನ ಬಿದ್ದ ಮೇಲೆ ಬದುಕಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬಿದ್ದದ್ದು ಯಾಕೆ ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನನ್ನ ಹೆಸರು ಬರುತ್ತಿತ್ತು.

ದೊಡ್ಡಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮನೆ ಹಿಂದಿನ ಶೆಡ್ಡಿನಲ್ಲಿ ಎಂಟು ವರ್ಷದಿಂದ ಇಬ್ಬರು ಕೂರುವ ವಿಮಾನ ಕಟ್ಟುತ್ತಿದ್ದರು. ಶೆಡ್ಡಿನಲ್ಲಿ ಹಿಡಿಸದೆ ರೆಕ್ಕೆಗಳು ನಡುಮನೆಯ ಗೋಡೆಗೆ ಒರಗಿದ್ದವು. ಇಂಜಿನ್ ಗುಜರಿಯಲ್ಲಿ ಸಿಕ್ಕಿದ್ದು, ಯಾವುದೋ ಹಳೆಯ ಜಪಾನಿ ಕಾರಿನದು. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಒಂದು ಕಬ್ಬಿಣದ ದಿಂಡು ಒಳಗೇ ಸುತ್ತುತ್ತದೆ. "ಒರಳಲ್ಲಿ ಗುಂಡು ತಿರುಗಿದ ಹಾಗಿದೆಯಲ್ರೀ" ಅಂದಿದ್ದರು ದೊಡ್ಡಮ್ಮ. ಅದಕ್ಕಿಂತ ಒಳ್ಳೆ ವಿವರಣೆ ನಾನು ಎಲ್ಲೂ ಓದಿಲ್ಲ.

ನಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು. ಮೇಲೆ ಹೋದಷ್ಟೂ ಇಂಜಿನ್‌ಗೆ ಉಸಿರು ಸಾಲದು. ಅದಕ್ಕೇ ಟರ್ಬೊ: ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಿ, ಇಂಜಿನ್ ಒಳಗೆ ಹೆಚ್ಚು ಗಾಳಿ ನೂಕುತ್ತದೆ. ದೊಡ್ಡಪ್ಪ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಲಾರಿಗೆ ಹಾಕಿದ್ದ ಹಳೆಯ ಟರ್ಬೊ ತಂದರು. ಜೀವನಪೂರ್ತಿ ಇಂಜಿನ್ ವರ್ಕ್‌ಶಾಪಿನಲ್ಲಿ ದುಡಿದು, ಈ ವಿಮಾನದ ಒಂದೊಂದು ಬೆಸುಗೆಯನ್ನೂ ಹಾಕಿದ್ದ ಮೇಸ್ತ್ರಿ ಅದನ್ನು ತಿರುಗಿಸಿ ನೋಡಿ, ಮತ್ತೆ ನೆಲಕ್ಕೆ ಹಾಸಿದ್ದ ಪೇಪರ್ ಮೇಲಿಟ್ಟರು.

"ಇದು ಬೇಡ ಸಾರ್."

"ಹಾಗಾದ್ರೆ ಚರ್ಚೆ" ಅಂದರು ದೊಡ್ಡಪ್ಪ.

ಆ ಶೆಡ್ಡಿನ ಪದ್ಧತಿಯೇ ಅದು. ಒಮ್ಮತ ಬರದಿದ್ದರೆ ಭಾನುವಾರ ಕಾಫಿ ಹೊತ್ತಿಗೆ ಚರ್ಚಾಸ್ಪರ್ಧೆ. ಏಳನೇ ಕ್ಲಾಸಿನಿಂದ ನನಗೆ ವಾದ ಕಲಿಸಿದವರೇ ದೊಡ್ಡಪ್ಪ. ನನ್ನ ಪಕ್ಷ ಯಾವುದು ಅಂತ ನಾಣ್ಯ ಹೇಳಬೇಕು: ಹೆಡ್ಸು ಬಿದ್ದರೆ ಪರ, ಟೇಲ್ಸು ಬಿದ್ದರೆ ವಿರೋಧ. ನಂಬಿಕೆ ಇರಲಿ ಬಿಡಲಿ, ಬಿದ್ದ ಪಕ್ಷಕ್ಕೆ ವಾದಿಸಬೇಕು. ಗೆದ್ದ ಪಕ್ಷದಂತೆ ಕೆಲಸ; ಗೆಲ್ಲುತ್ತಿದ್ದದ್ದು ಹೆಚ್ಚಾಗಿ ನಾನೇ. ಪೆಟ್ರೋಲ್ ಟ್ಯಾಂಕ್ ಎಲ್ಲಿ ಕೂರಬೇಕು ಅನ್ನುವುದೂ ಹೀಗೇ ತೀರ್ಮಾನವಾಗಿತ್ತು.

ದೊಡ್ಡಪ್ಪ ನಾಣ್ಯ ಚಿಮ್ಮಿ, ಎಡಗೈಯ ಹಿಂಬದಿಯ ಮೇಲೆ ಹಿಡಿದು, ಬಲಗೈಯಿಂದ ಮುಚ್ಚಿ, ಇಣುಕಿದರು. "ಹೆಡ್ಸು. ನೀನು ಟರ್ಬೊ ಪರ."

ನನಗೆ ಟರ್ಬೊ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೂ ಎದ್ದು ನಿಂತೆ. "ಕಾರಲ್ಲಿ ಟರ್ಬೊ ದುಡಿಯೋದು ಓವರ್‌ಟೇಕ್ ಮಾಡೋ ನಾಲ್ಕು ಕ್ಷಣ. ವಿಮಾನದಲ್ಲಿ ಏರಿದಾಗಿಂದ ಇಳಿಯೋವರೆಗೂ ದುಡೀಬೇಕು. ಹಾಗೆ ಬಿಡುವಿಲ್ಲದೆ ದುಡಿದು ಅಭ್ಯಾಸ ಇರೋದು ಯಾವುದಕ್ಕೆ? ಲೋಡ್ ಹೊತ್ಕೊಂಡು ಘಾಟಿ ಹತ್ತೋ ಲಾರಿ ಟರ್ಬೊಗೆ!"

"ಬಿಸಿ ಬೇರೆ ಕಣಮ್ಮ" ಅಂದರು ಮೇಸ್ತ್ರಿ.

"ಬಿಸೀಲೂ ಜಾತಿ ಇದ್ಯಾ ಮೇಸ್ತ್ರಿಗಳೇ?"

ದೊಡ್ಡಪ್ಪ ಗಹಗಹಿಸಿದರು. ಮೇಸ್ತ್ರಿ ನಗಲಿಲ್ಲ. "ಲಾರಿ ಡೀಸೆಲ್ ಹೊಗೆ ಒಂಥರಾ, ಈ ಇಂಜಿನ್ದು ಒಂಥರಾ. ಇದು ಬೆಂಕೀನೇ ಉಗಿಯುತ್ತೆ. ನನ್ ಕೈಗೆ ಗೊತ್ತಾಗುತ್ತೆ."

"ಕೈ ಸಾಕ್ಷಿ ಹೇಳಲ್ಲ. ಎಷ್ಟು ಡಿಗ್ರಿ, ಹೇಳಿ."

ಅವರು ತಮ್ಮ ಕೈ ನೋಡಿಕೊಂಡರು. "ನೀನು ಓದಿದೋಳು ತಾಯಿ. ಆಯ್ತು ಬಿಡು." ಕಾಫಿ ಅರ್ಧ ಲೋಟ ಹಾಗೇ ಉಳಿಯಿತು.

ಉತ್ತರ ನನಗೆ ಈಗ ಗೊತ್ತು. ಡೀಸೆಲ್ ಹೊಗೆಯ ಬಿಸಿ ಪೆಟ್ರೋಲ್ ಹೊಗೆಗಿಂತ ಎಷ್ಟೋ ಕಡಿಮೆ. ಅದರಲ್ಲೂ ಈ ಇಂಜಿನ್‌ನಲ್ಲಿ ಬೆಂಕಿಗೂ ಹೊರದಾರಿಗೂ ನಡುವೆ ಒಂದು ವಾಲ್ವ್ ಕೂಡ ಅಡ್ಡ ಇಲ್ಲ, ಉರಿಯುತ್ತಲೇ ಆಚೆ ಬರುತ್ತದೆ. ಲಾರಿ ಟರ್ಬೊದ ಲೋಹ ಅದಕ್ಕೆ ಎರಕ ಹೊಯ್ದದ್ದಲ್ಲ. ಮೇಸ್ತ್ರಿಯ ಕೈ ಸರಿಯಾದ ಉತ್ತರವನ್ನೇ ಹೇಳಿತ್ತು.

ಟರ್ಬೊ ಕೂರಿಸಿ, ಹಿತ್ತಲಿನಲ್ಲಿ ಇಂಜಿನ್ ಓಡಿಸಿ ನೋಡಿದ ದಿನ ಬೆಳಿಗ್ಗೆ ಹತ್ತು ಗಂಟೆಯ ಚುರುಕು ಬಿಸಿಲು. ಸ್ವಲ್ಪ ಹೊತ್ತಿಗೆ ಟರ್ಬೊದ ಕವಚ ಕೆಂಪಾಯಿತು, ಆಮೇಲೆ ಕನಕಾಂಬರದ ಬಣ್ಣಕ್ಕೆ ತಿರುಗಿತು. ಪಕ್ಕದ ದಾಸವಾಳದ ಎಲೆಗಳು ನಾವು ನೋಡುತ್ತಿದ್ದಂತೆ ಸುರುಟಿಕೊಂಡವು. ಮೇಸ್ತ್ರಿ ಟರ್ಬೊ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಬಿಸಿಲಲ್ಲೂ ಕಾಣ್ತಿದೆ ನೋಡಮ್ಮ."

"ಎಲ್ಲಾ ಟರ್ಬೊನೂ ಕೆಂಪಾಗುತ್ತೆ ಕಣ್ರೀ!" ಸದ್ದಿನ ನಡುವೆ ದೊಡ್ಡಪ್ಪ ಕೂಗಿದರು.

ಆರಿದ ಮೇಲೆ ಮೇಸ್ತ್ರಿ ಕವಚದ ಮೇಲೆ ಒಂದು ಕಡೆ ಉಗುರು ಎಳೆದು ತೋರಿಸಿದರು. ಕೂದಲೆಳೆಯಷ್ಟು ಗೆರೆ.

"ಎರಕದ ಗುರುತು ಅದು" ಅಂದರು ದೊಡ್ಡಪ್ಪ.

"ಚರ್ಚೆ ಮುಗಿದಿದೆಯಲ್ಲ ಸಾರ್." ಮೇಸ್ತ್ರಿ ಸ್ಪ್ಯಾನರ್‌ಗಳನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಹೊರಟರು. ಆಮೇಲೆ ಬರಲಿಲ್ಲ.

ಗೆರೆ ನನಗೂ ಕಂಡಿತ್ತು. ಎರಕದ ಗುರುತು ಹಾಗೆ ಸೊಟ್ಟಗೆ ಓಡುವುದಿಲ್ಲ ಅನ್ನುವಷ್ಟು ಬುದ್ಧಿಯೂ ಇತ್ತು. ಗೆದ್ದ ವಾದವನ್ನು ನಾನೇ ಒಡೆಯುವುದು ಹೇಗೆ ಅಂತ ಸುಮ್ಮನಿದ್ದೆ.

ಊರಾಚೆಯ ಒಂದು ಸಣ್ಣ ರನ್‌ವೇಯಿಂದ ದೊಡ್ಡಪ್ಪ ಒಬ್ಬರೇ ಹಾರಿದರು. ಮೊದಲ ಸುತ್ತು ಚೆನ್ನಾಗಿತ್ತು. ಎರಡನೇ ಸುತ್ತಿನಲ್ಲಿ ಬಾಲದ ಹಿಂದೆ ಬಿಳಿ ಹೊಗೆ ಎಳೆಯಾಗಿ ಬಂತು. ಸ್ಟೀಲ್ ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದಂತೆ ಸದ್ದು. ಆಮೇಲೆ ಸದ್ದೇ ಇಲ್ಲ.

ದೊಡ್ಡಮ್ಮ ಪ್ರಸಾದದ ಪೊಟ್ಟಣ ಹಿಡಿದು ಕಣ್ಣಿಗೆ ಕೈ ಅಡ್ಡ ಇಟ್ಟು ನೋಡುತ್ತಿದ್ದರು. "ಇಂಜಿನ್ ಆಫ್ ಮಾಡಿದ್ರು ಅಲ್ವೇನೇ? ಇಳೀತಾರೆ ಈಗ?"

"ಹೂಂ" ಅಂದೆ.

ರನ್‌ವೇ ಮುಟ್ಟುವ ಮೊದಲೇ ಹುರುಳಿ ಹೊಲದಲ್ಲಿ ಬಿದ್ದರು. ಒಂದು ಕಾಲು, ಎರಡು ಪಕ್ಕೆಲುಬು ಮುರಿದವು. ಬಿಚ್ಚಿ ನೋಡಿದಾಗ ಟರ್ಬೊ ಕವಚ ಸೀಳಿತ್ತು, ಚಕ್ರದ ಅಲಗುಗಳು ಉದುರಿದ್ದವು. ಇಂಜಿನ್ ಆಯಿಲ್ ಪೂರ್ತಿ ಅಲ್ಲಿಂದಲೇ ಸೋರಿ, ಒಣಗಿದ ಇಂಜಿನ್ ಕಚ್ಚಿಕೊಂಡಿತ್ತು.

ಹೋದ ಭಾನುವಾರ ಹೋಗಿದ್ದೆ. ದೊಡ್ಡಪ್ಪ ಜಗಲಿಯಲ್ಲಿ ಸರಳು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ, ಪೇಪರ್ ಮೇಲೆ, ಇನ್ನೊಂದು ಲಾರಿ ಟರ್ಬೊ.

"ಈ ಸಲ ದೊಡ್ಡದು ತರಿಸಿದೀನಿ. ತಡೆಯುತ್ತೆ."

"ಮೇಸ್ತ್ರಿಗಳು ಏನಂದ್ರು?"

"ಫೋನ್ ಎತ್ತಲ್ಲ ಆಸಾಮಿ. ಬಾ ಪುಟ್ಟ, ನಾಣ್ಯ ಹಾಕೋಣ."

ಒಳಗೆ ದೊಡ್ಡಮ್ಮನ ಪಾತ್ರೆ ಸದ್ದು ನಿಂತಿತು. ದೊಡ್ಡಪ್ಪ ನಾಣ್ಯ ಚಿಮ್ಮಿ, ಎಡಗೈಯ ಹಿಂಬದಿಯ ಮೇಲೆ ಹಿಡಿದು, ಬಲಗೈಯಿಂದ ಮುಚ್ಚಿ, ಇಣುಕಿದರು. "ಹೆಡ್ಸು. ನೀನು ಪರ."

ಎಂಟು ವರ್ಷದ ಚರ್ಚೆಗಳನ್ನು ಹಿಂದಕ್ಕೆ ನೆನೆಸುತ್ತಾ ಹೋದೆ. ಅವರಿಗೆ ಏನಾದರೂ ಬೇಕೇ ಬೇಕು ಅನ್ನಿಸಿದಾಗೆಲ್ಲ ನಾಣ್ಯ ನನ್ನನ್ನು ಯಾವ ಪಕ್ಷದಲ್ಲಿ ನಿಲ್ಲಿಸಿತ್ತು?

"ಕೈ ತೆಗೀರಿ ದೊಡ್ಡಪ್ಪ."

ಅವರು ತೆಗೆಯಲಿಲ್ಲ.

"ಆವತ್ತು ನಾಣ್ಯ ನೋಡಿದ್ದು ನೀವೊಬ್ರೇ. ನಿಜವಾಗ್ಲೂ ಹೆಡ್ಸೇ ಬಿದ್ದಿತ್ತಾ?"