ಪ್ರೇಮಳ ಮೋಡ, ನನ್ನ ಎಂಟೂಕಾಲು

ಬರೆದುಕೋ ಸುಶ್ಮಿತಾ. ನಿಮ್ಮಮ್ಮ ಪ್ರೇಮಲತಾ, ನನ್ನ ಮಗಳು, ಗುಬ್ಬಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ, ನಲವತ್ತಾರು ವರ್ಷವಾದರೂ ಸಮುದ್ರ ನೋಡಿಲ್ಲ. ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ಉಡುಪಿಗೆ ಟಿಕೆಟ್ ಮಾಡಿಸಿದ್ದರು. ಆಗ ಅವಳಿಗೆ ಕುಣಿಗಲ್ಲಿನಲ್ಲಿ ಕೆಲಸ, ಆವತ್ತೇ ಪರೀಕ್ಷೆ ಡ್ಯೂಟಿ ಬಿತ್ತು. ಹೊಸ ಸೀರೆ ಬೇರೆ ತಗೊಂಡಿದ್ದಳು, ನೀಲಿಯದು. ಇರಲಿ, ಅದಲ್ಲ ಹೇಳಬೇಕಾದದ್ದು. ಅಂಥವಳು ಆರು ವರ್ಷ ಪಿಎಚ್.ಡಿ. ಅಂತ ಕೂತದ್ದು ಸಮುದ್ರದ ಮೇಲಿನ ಮೋಡ ಹಿಡಿದುಕೊಂಡು.

ಮಳೆ ಸುರಿಸುವ ಮೋಡವಲ್ಲ. ನೀರಿಗೆ ಹತ್ತಿರದಲ್ಲೇ, ಕಂಬಳಿ ಹಾಸಿದ ಹಾಗೆ ಹರಡಿಕೊಂಡಿರುವ ಮೋಡ. ರಾತ್ರಿಯೆಲ್ಲ ದಪ್ಪವಾಗುತ್ತದಂತೆ, ಬಿಸಿಲೇರಿದಂತೆ ತೆಳುವಾಗುತ್ತದಂತೆ, ಸಂಜೆಯ ಮೇಲೆ ಮತ್ತೆ ಕೂಡಿಕೊಳ್ಳುತ್ತದಂತೆ. ದಿನಾ ಇದೇ. ಅದನ್ನು ಲೆಕ್ಕದಲ್ಲಿ ಕಟ್ಟಿ ಕಂಪ್ಯೂಟರಿನೊಳಗೆ ಒಂದು ಮೋಡ ಮಾಡಬೇಕು, ಅದು ಸಮುದ್ರದ ಮೋಡದ ಹಾಗೇ ನಡೆದುಕೊಳ್ಳಬೇಕು. ಪ್ರೇಮ ಮಾಡಿದಳು. ಆದರೆ ಸ್ಯಾಟಲೈಟ್ ಚಿತ್ರದಲ್ಲಿ ಮಧ್ಯಾಹ್ನದವರೆಗೂ ನಿಲ್ಲುವ ಮೋಡ ಅವಳ ಕಂಪ್ಯೂಟರಿನಲ್ಲಿ ಬೆಳಗ್ಗೆ ಹತ್ತಕ್ಕೇ ಮಾಯವಾಗುತ್ತಿತ್ತು.

“ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ ಕಣಮ್ಮ” ಅಂದಳು ಒಂದು ದಿನ, ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಾ. “ಬಿಸಿಲು ಮೋಡನ ಕರಗ್ಸೋ ಲೆಕ್ಕದಲ್ಲೋ, ನೀರಿಂದ ತೇವ ಮೇಲಕ್ಕೇರೋ ಲೆಕ್ಕದಲ್ಲೋ.”

“ಎರಡ್ನೂ ತಿದ್ಬುಡು.”

“ಸಾರು ಕೆಟ್ರೆ ಉಪ್ಪು ಜಾಸ್ತಿ ಆಗೈತೋ ಹುಳಿ ಜಾಸ್ತಿ ಆಗೈತೋ ರುಚಿ ನೋಡಲ್ವಾ ನೀನು?”

“ನನ್ನ ಸಾರು ಯಾವತ್ತೇ ಕೆಟ್ಟಿತ್ತು?” ಅಂದೆ. ನಕ್ಕಳು. ಆಗೆಲ್ಲ ನಗುತ್ತಿದ್ದಳು.

ಅವಳ ಗೈಡು ಅನಂತರಾಜು ಸರ್ ಅಂತ, ಮರಳೂರಿನಲ್ಲಿ ನಿಮ್ಮ ಮನೆಯಿಂದ ಎರಡು ಬೀದಿ ಆಚೆ. ಒಳ್ಳೆಯ ಮನುಷ್ಯ, ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಬಿಸಿಲಿನ ಲೆಕ್ಕ ಒಂದನ್ನೇ ಬೇರೆ ಮಾಡಿ ಪರೀಕ್ಷೆ ಮಾಡು ಅಂದರಂತೆ. ನಮ್ಮ ಚೇಳೂರಿನ ಕೆರೆ ಮೇಲೆ ಚಳಿಗಾಲದಲ್ಲಿ ಕೂರುವ ಮಂಜೂ ನೆಲಕ್ಕಿಳಿದ ಮೋಡವೇ ಅಲ್ಲವೇ, ಅದನ್ನು ಹರಿಸುವುದೂ ಬಿಸಿಲೇ ಅಲ್ಲವೇ? ಅದು ದಿನಾ ಎಷ್ಟು ಹೊತ್ತಿಗೆ ಹರಿಯುತ್ತದೆ ಅಂತ ಬರೆದಿಡಲು ಪ್ರೇಮ ನನಗೊಂದು ನೋಟ್‌ಬುಕ್ ಕೊಟ್ಟಳು. ಏಳನೇ ಕ್ಲಾಸಿಗೆ ಬಿಟ್ಟ ಪೆನ್ನು ಹಿಡಿದು ಎಷ್ಟು ಹಿಗ್ಗಿದ್ದೆ ಗೊತ್ತಾ?

ಚಳಿಗಾಲವಿಡೀ ಒಂದು ದಿನವೂ ತಪ್ಪಿಸಲಿಲ್ಲ. ಶಾಲು ಹೊದ್ದು ಅಂಗಳದಲ್ಲಿ ನಿಲ್ಲುತ್ತಿದ್ದೆ. ಮಂಜು ಹರಿದು ಆಚೆ ದಡದ ತೆಂಗು ಕಾಣಿಸಿಕೊಂಡ ಕೂಡಲೇ ಬರೆಯುತ್ತಿದ್ದೆ: ಎಂಟೂಕಾಲು. ಯಾಕೆಂದರೆ ಅಷ್ಟರಲ್ಲಿ ಎಂಟೂಕಾಲಿನ ಗುಬ್ಬಿ ಬಸ್ಸು ಬಂದಿರುತ್ತಿತ್ತು. ಒಂದೊಂದು ದಿನ ಬಸ್ಸಿಗೆ ಸ್ವಲ್ಪ ಮೊದಲು ಹರಿದರೆ ಎಂಟೂ ಹತ್ತು. ನಮ್ಮೂರಲ್ಲಿ ಹೊತ್ತು ನೋಡುವುದೇ ಹಾಗೆ.

“ನಿಮ್ಮೂರ ಮಂಜಿಗೆ ಶಿಸ್ತು ಜಾಸ್ತಿ” ಅಂತ ಪ್ರೇಮ ಆಡಿಕೊಂಡಳು. ಆದರೆ ಖುಷಿಯಾಗಿದ್ದಳು. ಅವಳ ಬಿಸಿಲಿನ ಲೆಕ್ಕವೂ ನಮ್ಮ ಮಂಜನ್ನು ಎಂಟೂಕಾಲರ ಆಸುಪಾಸಿಗೇ ಹರಿಸುತ್ತಿತ್ತಂತೆ. ಹಾಗಾದರೆ ಬಿಸಿಲಿನದು ಸರಿ, ತಪ್ಪಿರುವುದು ತೇವದ್ದರಲ್ಲೇ ಅಂತ ಅದನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಒಂದು ವರ್ಷ ತೇಯ್ದಳು. ಕಂಪ್ಯೂಟರಿನ ಮೋಡ ಮಾತ್ರ ಹತ್ತಕ್ಕೇ ಹೋಗುತ್ತಿತ್ತು. ಯೂನಿವರ್ಸಿಟಿಯವರು ಎರಡು ಸಲ ವಾಯಿದೆ ಮುಂದಕ್ಕೆ ಹಾಕಿದರು. ಈ ಜನವರಿ ಮೂವತ್ತೊಂದೇ ಕೊನೆ, ಅದು ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು.

ಸಂಕ್ರಾಂತಿಯ ಮಾರನೆಯ ಬೆಳಗ್ಗೆ ನನ್ನ ಜೊತೆ ಅಂಗಳಕ್ಕೆ ಬಂದಳು. ಕೆರೆ ಕಾಣುತ್ತಿರಲಿಲ್ಲ, ಹಾಲಿನ ಹಾಗೆ ಬೆಳ್ಳಗೆ ಮಂಜು. ನಿಂತೆವು. ಬಹಳ ಹೊತ್ತು ನಿಂತೆವು. ಆಚೆ ದಡದ ತೆಂಗು ಕಾಣಿಸಿತು, ಹಿಂದೆಯೇ ಬಸ್ಸು ಬಂತು.

“ಬಂತು ನೋಡು ಎಂಟೂಕಾಲು” ಅಂದೆ.

ಪ್ರೇಮ ವಾಚು ನೋಡಿಕೊಂಡಳು. “ಅಮ್ಮ, ಈಗ ಒಂಬತ್ತೂ ಹತ್ತು.”

“ಹೂಂ ಕಣೇ. ಎಂಟೂಕಾಲು ಬಸ್ಸು.”

ಅವಳು ಓಡಿಹೋಗಿ ಬಸ್ಸಿಗೆ ಕೈ ಅಡ್ಡ ಹಿಡಿದಳು. ಡ್ರೈವರ್ ಕದರಯ್ಯ ತಲೆ ಹೊರಗೆ ಹಾಕಿದ.

“ಅಣ್ಣ, ದಿನಾ ಇಷ್ಟೊತ್ತಿಗೇ ಬರೋದಾ?”

“ಚಳಿಗಾಲ್ದಾಗೆ ಹಿಂಗೇ ಕಣಕ್ಕ. ಮಂಜು ಹರಿಯೋಗಂಟ ಏರಿ ಹಿಂದೆ ನಿಲ್ಸಿರ್ತೀನಿ. ಕೆರೆ ಏರಿ ಮ್ಯಾಲೆ ಅಂಚು ಕಾಣ್ದೆ ಬಸ್ ಓಡ್ಸಿ ನಿಮ್ಮನ್ನೆಲ್ಲ ನೀರಿಗಾಕ್ಲಾ? ಹತ್ತಂಗಿದ್ರೆ ಹತ್ತು, ಇಲ್ಲಾಂದ್ರೆ ಬುಡು.”

ಬಸ್ಸು ಹೋಯಿತು. ಮಂಜು ಹರಿದ ಮೇಲೇ ಬರುವ ಬಸ್ಸನ್ನು ನೋಡಿಕೊಂಡು ನಾನು ಮಂಜಿನ ಹೊತ್ತು ಬರೆದಿದ್ದೆ. ನಮ್ಮ ಮಂಜೂ ಅವಳ ಲೆಕ್ಕಕ್ಕಿಂತ ತಡವಾಗಿಯೇ ಹರಿಯುತ್ತಿತ್ತು, ನಿಜವಾದ ಸಮುದ್ರದ ಮೋಡದ ಹಾಗೇ. ತಪ್ಪಿದ್ದದ್ದು ಬಿಸಿಲಿನ ಲೆಕ್ಕದಲ್ಲಿ. ನಾನು ನೆಟ್ಟಗೆ ಬರೆದಿದ್ದರೆ ಹೋದ ವರ್ಷವೇ ಸಿಕ್ಕಿರುತ್ತಿತ್ತು.

“ಈಗ ತಿದ್ದಕ್ಕಾಗಲ್ವೇನೇ?”

“ತಿದ್ದಬೋದು. ಆಮೇಲೆ ಸಮುದ್ರದ್ದು ಪೂರ್ತಿ ಮತ್ತೆ ಓಡಿಸ್ಬೇಕು, ಅದಕ್ಕೇ ಒಂದು ತಿಂಗಳು. ಇರೋದು ಹದಿನೈದು ದಿನ.”

“ನನ್ನಿಂದ ಆಯ್ತು.”

“ನಾನೂ ಇದೇ ಬಸ್ಸಲ್ಲಿ ಹೈಸ್ಕೂಲಿಗೆ ಹೋದೋಳಲ್ವೇನಮ್ಮ? ನನಗಾದ್ರೂ ಹೊಳೀಬೇಕಿತ್ತು.”

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ರೊಟ್ಟಿ ತಿಂದಳು, ಇನ್ನೊಂದು ಹಾಕಲಾ ಅಂದರೆ ಸಾಕು ಅಂದಳು. ಅನಂತರಾಜು ಸರ್ ಯೂನಿವರ್ಸಿಟಿಗೆ ಹೋಗಿ ಕೇಳಿಕೊಂಡರಂತೆ, ಮೂರನೇ ಸಲ ಕೊಡುವ ರೂಲೇ ಇಲ್ಲ ಅಂದರಂತೆ. ಮೂವತ್ತೊಂದು ಬಂತು, ಹೋಯಿತು. ಈಗ ಕಾಲೇಜು, ಮನೆ, ಅಷ್ಟೇ. ಕಂಪ್ಯೂಟರಿನ ಮೇಲೆ ಟವೆಲ್ ಮುಚ್ಚಿದ್ದಾಳೆ, ನೀನೇ ನೋಡಿದ್ದೀಯಲ್ಲ.

ಆವತ್ತು ಹೊರಡುವಾಗ ಅವಳ ವಾಚು ನನ್ನ ನೋಟ್‌ಬುಕ್ಕಿನ ಮೇಲಿತ್ತು. ಬಿಟ್ಟು ಹೋದಳೋ, ಮರೆತು ಹೋದಳೋ? ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅದನ್ನೇ ಕಟ್ಟಿಕೊಂಡು ಬೆಳಗ್ಗೆ ಅಂಗಳದಲ್ಲಿ ನಿಲ್ಲುತ್ತೇನೆ. ಮೊನ್ನೆ ಎಂಟು ಐವತ್ತೆರಡು. ನಿನ್ನೆ ಒಂಬತ್ತು ಇಪ್ಪತ್ತು. ಯಾರಿಗೆ ಬೇಕೋ ಏನೋ. ಇವತ್ತು ಒಂಬತ್ತು ಹನ್ನೊಂದು. ಅದನ್ನೂ ಬರೆದುಕೋ ಮಗಳೇ.